ಅರವತ್ತೊಂಬತ್ತು ಜಿಬಿ ತಿಂದವರು

ಅನಂತಪದ್ಮನಾಭಯ್ಯನವರನ್ನು ಕಳ್ಳರ ಸಾಲಿಗೆ ಸೇರಿಸಿದ ವಸ್ತು ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಕಪ್ಪಗೆ, ಚಪ್ಪಟೆಯಾಗಿ, ಬೆಲ್ಲದ ಅಚ್ಚಿನಷ್ಟಿತ್ತು. ಅದರ ಹೆಸರು ಹಾರ್ಡ್ ಡಿಸ್ಕ್. ಕಡೂರಿನ ನೂರುಗರಿ ತೆಂಗು ಬೆಳೆಗಾರರ ಸಂಘದ ಹಳೆಯ ಫೋಟೋಗಳು, ಸಭೆಗಳ ವಿಡಿಯೋಗಳು, ಸದಸ್ಯರ ಪಹಣಿಗಳು, ಎಲ್ಲವನ್ನೂ ಒಂದೇ ಕಡೆ ತುಂಬಿಡಲೆಂದು ಅವರೇ ತರೀಕೆರೆಗೆ ಹೋಗಿ ಅದನ್ನು ತಂದಿದ್ದರು.

ಅಯ್ಯನವರು ಆ ಸಂಘದ ಗುಮಾಸ್ತರು. ಫ್ಯಾನಿನ ನೇರ ಕೆಳಗಿದ್ದ ಮರದ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತು, ಆ ಕುರ್ಚಿಯೂ ಅವರೂ ಒಬ್ಬರಿಗೊಬ್ಬರು ಒಗ್ಗಿಹೋಗಿದ್ದರು. ಅವರಲ್ಲಿ ಕೆಟ್ಟ ಚಟ ಯಾವುದೂ ಇರಲಿಲ್ಲ, ಒಂದನ್ನು ಬಿಟ್ಟು. ಯಾರು ಏನು ಮಾಡಿದರೂ ಅವರ ಬಾಯಿಂದ "ಬಹಳ ಉಪಕಾರ ಆಯ್ತು" ಎಂದು ಬಂದುಬಿಡುತ್ತಿತ್ತು. ಟಿಕೆಟ್ ಹರಿದುಕೊಟ್ಟ ಕಂಡಕ್ಟರಿಗೂ ಉಪಕಾರ, ಹಲ್ಲು ಕಿತ್ತ ಡಾಕ್ಟರಿಗೂ ಉಪಕಾರ. ಹೀಗೆ ಉಪಕಾರ ಹೇಳಿದ ಮೇಲೆ ಆ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಕೇಳುವುದು ಅವರಿಗೆ ಸಂಕೋಚ. ಇದರಿಂದ ಅವರಿಗೆ ಜೀವನದಲ್ಲಿ ಎಷ್ಟೋ ವಿಷಯಗಳು ಅರ್ಧಂಬರ್ಧ ಅರ್ಥವಾಗಿಯೇ ಉಳಿದಿದ್ದವು.

ಅವತ್ತು ಸಂಜೆ ನಾಲ್ಕಕ್ಕೆ ಸಂಘದ ವಾರ್ಷಿಕ ಸಭೆ. ಬೆಳಗ್ಗೆ ಆಫೀಸು ತೆರೆಯುತ್ತಲೇ ಕಂಪ್ಯೂಟರ್ ಆಪರೇಟರ್ ದೀಪಶ್ರೀ ಹೊಸ ಡಿಸ್ಕನ್ನು ಸಿಕ್ಕಿಸಿದಳು. ಎಲ್ಲರೂ ಹಿಂದೆ ನಿಂತು ನೋಡಿದರು. ಅಂಗಳದಲ್ಲಿ ತೆಂಗಿನಕಾಯಿ ಎಣಿಸುವ ಚಂದ್ರಕುಮಾರ್ ಕೂಡ ಬಿಸಿಲು ತಪ್ಪಿಸಿಕೊಳ್ಳಲು ಒಳಗೆ ಬಂದಿದ್ದ. ಡಿಸ್ಕಿನ ಖಾಲಿ ಪೆಟ್ಟಿಗೆ ಎತ್ತಿ ತಿರುಗಿಸಿ ನೋಡಿದವನು ಅವನೇ.

"ಒಂದು ಟಿಬಿ ಅಂತ ಬರೆದೈತಲ್ಲ ದೀಪಮ್ಮಾ, ಹಂಗಂದ್ರೆ?"

"ಟಿಬಿ ಅಂದ್ರೆ ಪ್ರವಾಸಿ ಬಂಗ್ಲೆ ಕಣೋ," ಎಂದರು ಅಧ್ಯಕ್ಷ ಸಣ್ಣಬೀರಪ್ಪ.

"ಅದಲ್ಲ ಸಾರ್, ಇದು ಟೆರಾಬೈಟು. ಸಾವಿರ ಜಿಬಿ."

"ಸಾವಿರವಾ? ಮತ್ತೆ ಇಲ್ಲಿ ಪರದೆ ಮೇಲೆ ಒಂಬೈನೂರ ಮೂವತ್ತೊಂದು ಅಂತೈತೆ?" ಎಂದರು ಅಧ್ಯಕ್ಷರು.

ಬೇರೆ ಯಾವ ಆಫೀಸಿನಲ್ಲಾದರೂ ಈ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇದು ತೆಂಗಿನಕಾಯಿಯ ಸಂಘ. ಇಲ್ಲಿ ಸಾವಿರ ಎಂದು ಬರೆದದ್ದು ಒಂಬೈನೂರ ಮೂವತ್ತೊಂದು ಬಂದರೆ ಅದಕ್ಕೆ ಒಂದೇ ಅರ್ಥ. ನಡುವೆ ಯಾರೋ ತಿಂದಿದ್ದಾರೆ.

"ಅರವತ್ತೊಂಬತ್ತು ಕಮ್ಮಿ," ಎಂದ ಚಂದ್ರಕುಮಾರ್. ಅಂಗಳದ ಮನುಷ್ಯ, ಲೆಕ್ಕ ಬಾಯಲ್ಲೇ ಇತ್ತು.

"ಅದು ಹಂಗೇ ಸಾರ್," ಎಂದು ದೀಪಶ್ರೀ ಸಮಾಧಾನ ಮಾಡಲು ಹೋದಳು. "ಎಲ್ಲಾದ್ರಲ್ಲೂ ಸ್ವಲ್ಪ ಕಮ್ಮೀನೇ ಬರುತ್ತೆ. ಕಾಮನ್ನು."

"ಎಲ್ಲಾದ್ರಲ್ಲೂ ಕಮ್ಮಿ ಬತ್ತೈತೆ ಅಂದ್ರೆ ಎಲ್ರೂ ತಿಂತಾರೆ ಅಂತ ತಾನೇ?" ಎಂದರು ಸಣ್ಣಬೀರಪ್ಪ.

ಅನಂತಪದ್ಮನಾಭಯ್ಯನವರು ಮುಂದೆ ಬಂದರು. "ನಾನು ಪೆಟ್ಟಿಗೆ ಒಡೆದೇ ಇಲ್ಲ ಸಾರ್. ಅಂಗಡಿಯಲ್ಲಿ ಕೊಟ್ಟಿದ್ದನ್ನ ಹಾಗೇ ತಂದೆ."

"ಯಾವತ್ತು ತಂದ್ರಿ?"

"ಶನಿವಾರ."

"ಇವತ್ತು ಮಂಗಳವಾರ. ಮೂರು ದಿನ ಮನೇಲಿತ್ತಾ?"

"ಕೊಬ್ಬರಿ ಒಣಗಿದ್ರೆ ತೂಕ ಇಳಿಯಲ್ವಾ ಸಾರ್? ಇದೂ ಹಂಗೇನಾದ್ರೂ ಒಣಗಿರಬೇಕು," ಎಂದ ಚಂದ್ರಕುಮಾರ್. ಅದು ಸಹಾಯದ ಮಾತೋ ಚುಚ್ಚುಮಾತೋ ಎಂದು ಅಯ್ಯನವರಿಗೆ ಗೊತ್ತಾಗಲಿಲ್ಲ. ಆದರೂ ಅಭ್ಯಾಸಬಲದಿಂದ ಉಪಕಾರ ಹೇಳಿಬಿಟ್ಟರು.

ಸಣ್ಣಬೀರಪ್ಪ ಕೆಟ್ಟವರಲ್ಲ. ಆದರೆ ಲೆಕ್ಕ ತಪ್ಪಿದರೆ ಅವರಿಗೆ ನಿದ್ದೆ ಬರುವುದಿಲ್ಲ. "ನೋಡಿ ಅಯ್ಯನೋರೆ, ನೀವು ತಿಂದಿದೀರಿ ಅಂತ ನಾನು ಹೇಳಾಕಿಲ್ಲ. ಆದ್ರೆ ಸಂಜೆ ನೂರಾರು ಜನ ಸದಸ್ಯರು ಬತ್ತಾರೆ. ಸಾವಿರಕ್ಕೆ ಅರವತ್ತೊಂಬತ್ತು ಎಲ್ಲೋಯ್ತು ಅಂತ ಕೇಳಿದ್ರೆ ನಾನೇನು ಹೇಳ್ಲಿ? ನಾಲ್ಕು ಗಂಟೆ ಒಳಗೆ ಮಿಕ್ಕಿದ್ದು ತಂದುಕೊಡಿ, ಇಲ್ಲಾ ಎಲ್ಲೋಯ್ತು ಅಂತ ಹೇಳಿ. ಎರಡೂ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಒಂದು ತಿಂಗಳು ನೀವು ಅಂಗಳದಲ್ಲಿ ಕಾಯಿ ಎಣಿಸಿ. ಚಂದ್ರಕುಮಾರ ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ."

ಚಂದ್ರಕುಮಾರ್ ತಲೆಯೆತ್ತಿ ಫ್ಯಾನನ್ನು ಒಮ್ಮೆ ನೋಡಿದ, ಮಾವನ ಮನೆಯ ತೋಟ ನೋಡಿದ ಹೊಸ ಅಳಿಯನ ಹಾಗೆ.

ಅಂಗಳ ಎಂದರೆ ಅನಂತಪದ್ಮನಾಭಯ್ಯನವರಿಗೆ ಪ್ರಾಣಭಯ. ನೆತ್ತಿ ಸುಡುವ ಬಿಸಿಲು ಒಂದು ಕಡೆ, ನಾರಿನ ಧೂಳು ಇನ್ನೊಂದು ಕಡೆ. ಆ ಧೂಳು ಮೂಗಿಗೆ ತಾಗಿದರೆ ಅವರಿಗೆ ಸೀನು ಶುರುವಾಗುತ್ತಿತ್ತು, ಶುರುವಾದದ್ದು ಊಟದ ಹೊತ್ತಿಗೂ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ವರ್ಷ ಒಂದು ಗುಂಡುಪಿನ್ನನ್ನೂ ಮನೆಗೆ ಒಯ್ಯದ ಮನುಷ್ಯ ಕಣ್ಣಿಗೆ ಕಾಣದ ಒಂದು ವಸ್ತುವನ್ನು ಕದ್ದ ಹೆಸರು ಹೊತ್ತುಕೊಂಡು ಎಲ್ಲರ ಎದುರು ಅಂಗಳದಲ್ಲಿ ನಿಲ್ಲಬೇಕಲ್ಲ. ಡಿಸ್ಕನ್ನು ಜೇಬಿಗೆ ಹಾಕಿಕೊಂಡು ಅವರು ತರೀಕೆರೆ ಬಸ್ಸು ಹತ್ತಿದರು.

ತರೀಕೆರೆಯ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದವಳು ಶರ್ವಾಣಿ ಎಂಬ ಹುಡುಗಿ. ಚುರುಕು, ಸಭ್ಯಸ್ಥೆ. ಅವತ್ತು ಅಂಗಡಿಯ ತುಂಬ ಯಾವುದೋ ಅರ್ಜಿ ಹಾಕಲು ಬಂದವರು ತುಂಬಿದ್ದರು. ಬಾಗಿಲಲ್ಲೇ ನಿಂತು ಅಯ್ಯನವರು ಕೈಮುಗಿದರು.

"ಅಮ್ಮಾ, ಮೊನ್ನೆ ಕೊಟ್ಟ ಡಿಸ್ಕಲ್ಲಿ ಅರವತ್ತೊಂಬತ್ತು ಜಿಬಿ ಇಲ್ಲೇ ಉಳ್ಕೊಂಡುಬಿಟ್ಟಿದೆಯೇನೋ, ಸ್ವಲ್ಪ ನೋಡಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬರಂತೂ ತಮ್ಮ ಕಾಲಕೆಳಗೇ ನೋಡಿಕೊಂಡರು, ಅಕಸ್ಮಾತ್ ತುಳಿದಿದ್ದರೆ ಎಂದು.

ಶರ್ವಾಣಿ ನಗಲಿಲ್ಲ. ಒಂದು ಕೈಯಲ್ಲಿ ಪ್ರಿಂಟ್ ತೆಗೆಯುತ್ತಲೇ ಹೇಳಿದಳು: "ಏನೂ ಉಳಿದಿಲ್ಲ ಅಂಕಲ್, ಎಲ್ಲಾ ಅದರಲ್ಲೇ ಇದೆ. ಡಿಸ್ಕ್ ಮಾಡೋರು ಸಾವಿರಕ್ಕೆ ಒಂದು ಅಂತ ಎಣಿಸ್ತಾರೆ. ಕಂಪ್ಯೂಟರ್ ಸಾವಿರದ ಇಪ್ಪತ್ತನಾಲ್ಕಕ್ಕೆ ಒಂದು ಅಂತ ಎಣಿಸುತ್ತೆ. ಬೈಟಿಂದ ಕೆಬಿ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ. ಮೂರು ಮೆಟ್ಟಿಲು ಹತ್ತೋ ಹೊತ್ತಿಗೆ ಅಷ್ಟು ವ್ಯತ್ಯಾಸ ಬರುತ್ತೆ. ಲೆಕ್ಕದಲ್ಲಿ ಅಷ್ಟೇ ಕಮ್ಮಿ, ಜಾಗದಲ್ಲಿ ಅಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ತಾಯಿ, ಬಹಳ ಉಪಕಾರ ಆಯ್ತು," ಎಂದರು ಅಯ್ಯನವರು. ಏನೂ ಗೊತ್ತಾಗಿರಲಿಲ್ಲ. ತಲೆಯಲ್ಲಿ ಉಳಿದದ್ದು ಸಾವಿರದ ಇಪ್ಪತ್ತನಾಲ್ಕು ಎಂಬ ಒಂದು ಸಂಖ್ಯೆ. ಹಾಗಾದರೆ ಬರಬೇಕಾಗಿದ್ದದ್ದು ಸಾವಿರವೂ ಅಲ್ಲ, ಸಾವಿರದ ಇಪ್ಪತ್ತನಾಲ್ಕೇ? ಕಡೂರಿನಲ್ಲಿ ಅರವತ್ತೊಂಬತ್ತು ಕಡಿಮೆಯಿದ್ದದ್ದು ತರೀಕೆರೆಗೆ ಬರುವಷ್ಟರಲ್ಲಿ ತೊಂಬತ್ತಮೂರು ಆಯಿತಲ್ಲ! ಅವರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದರು.

ಅವರ ಮುಖ ನೋಡಿ ಶರ್ವಾಣಿಗೆ ಅಯ್ಯೋ ಎನಿಸಿತು. ಅರ್ಜಿಯವರನ್ನು ಕಾಯಿಸಿ, ಒಂದು ಲೋಟ ನೀರು ಕೊಟ್ಟು, ಡ್ರಾಯರಿನಿಂದ ಒಂದು ಪೆನ್‌ಡ್ರೈವ್ ತೆಗೆದು ಅವರ ಅಂಗೈಯಲ್ಲಿಟ್ಟಳು. "ಇದು ಅರವತ್ತನಾಲ್ಕು ಜಿಬಿ. ಇಟ್ಕೊಳಿ ಅಂಕಲ್, ನನ್ನ ಕಡೆಯಿಂದ. ಬೇಜಾರು ಮಾಡ್ಕೋಬೇಡಿ."

ಅಯ್ಯನವರ ಕಣ್ಣಿನಲ್ಲಿ ನೀರು ಬಂತು. ಯಾರ ಮಗಳೋ ಏನೋ, ಇಷ್ಟು ಜನರ ನಡುವೆ ತಮ್ಮ ಸಂಕಟವನ್ನು ಕಂಡಳಲ್ಲ ಎಂದು ನಿಜವಾಗಿಯೂ ಹೃದಯ ತುಂಬಿತು. ಬಸ್‌ಸ್ಟ್ಯಾಂಡಿನವರೆಗೂ ಆ ಸಂತೋಷ ಇತ್ತು. ಅಲ್ಲಿ ಬೆಂಚಿನ ಮೇಲೆ ಕೂತು ಬೆರಳು ಮಡಿಸಿ ಕೂಡಿಸಿದರು. ಅಧ್ಯಕ್ಷರು ಕೇಳಿದ್ದು ಸಾವಿರ ತಾನೇ? ಒಂಬೈನೂರ ಮೂವತ್ತೊಂದಕ್ಕೆ ಅರವತ್ತನಾಲ್ಕು. ಒಂಬೈನೂರ ತೊಂಬತ್ತೈದು.

ಆಫೀಸಿಗೆ ಫೋನು ಮಾಡಿದರು. ಎತ್ತಿದವನು ಚಂದ್ರಕುಮಾರ್. ಅವನ ದನಿಯ ಹಿಂದೆ ಫ್ಯಾನಿನ ಸದ್ದು ಬಹಳ ಹತ್ತಿರದಲ್ಲಿ ಕೇಳಿಸುತ್ತಿತ್ತು.

"ಒಂಬೈನೂರ ತೊಂಬತ್ತೈದು ಆಗಿದೆ ಕಣಪ್ಪ. ಇನ್ನು ಐದೇ."

"ಐದಾದ್ರೇನು ಐವತ್ತಾದ್ರೇನು ಅಯ್ಯನೋರೆ, ಕಮ್ಮಿ ಅಂದ್ರೆ ಕಮ್ಮೀನೇ ಅಲ್ವಾ? ನಾನು ಹೇಳ್ತಿಲ್ಲ, ಅಧ್ಯಕ್ಷರು ಹೇಳ್ತಾರೆ. ನಿಧಾನವಾಗಿ ಬನ್ನಿ, ಅವಸರ ಇಲ್ಲ."

ಐದು ಜಿಬಿ! ಮದುವೆ ವಿಡಿಯೋ ತೆಗೆಯುವ ತಿಮ್ಮೇಶ್ ಅಜ್ಜಂಪುರದಲ್ಲಿದ್ದಾನಲ್ಲ ಎಂದು ಅಯ್ಯನವರಿಗೆ ಆಗ ಹೊಳೆಯಿತು. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವನ ಮೇಜಿನ ಖಾನೆಯಲ್ಲಿ ಹಳೆಯ ಮೆಮೊರಿ ಕಾರ್ಡುಗಳು ಹುಣಸೇಬೀಜದ ಹಾಗೆ ಬಿದ್ದಿರುತ್ತವೆ. ಅಜ್ಜಂಪುರಕ್ಕೆ ಹೋಗಿ ಬೀರೂರಿನ ಮೇಲೆ ಬಂದರೂ ನಾಲ್ಕರೊಳಗೆ ಕಡೂರು ಸೇರಬಹುದು. ಹೊರಟು ನಿಂತಿದ್ದ ಬಸ್ಸನ್ನು ಡ್ರೈವರ್ ಅವರಿಗಾಗಿ ತಡೆದ. ಅವನಿಗೆ ಉಪಕಾರ ಹೇಳುವಷ್ಟರಲ್ಲಿ ಬಸ್ಸು ಇನ್ನಷ್ಟು ತಡವಾಯಿತು.

"ಲೇ ಪದ್ಮ! ಏನೋ ಇದು ಅವತಾರ?" ತಿಮ್ಮೇಶ್ ಸ್ಟುಡಿಯೋದ ಬಾಗಿಲಲ್ಲೇ ತಬ್ಬಿಕೊಂಡ. ವಿಷಯ ಕೇಳಿ ತೊಡೆ ತಟ್ಟಿದ. "ಐದು ಜಿಬಿಗೆ ಹಿಂಗೆ ಅಳ್ತೀಯಲ್ಲೋ! ಕೂತ್ಕೋ. ಮೊದ್ಲು ನಿನ್ನ ಹತ್ರ ಏನೈತೆ ಅಂತ ನೋಡಾಣ."

ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿದ. ಇಬ್ಬರೂ ಬಗ್ಗಿ ನೋಡಿದರು. ಅದರಲ್ಲಿ ಅರವತ್ತನಾಲ್ಕು ಇರಲಿಲ್ಲ. ಐವತ್ತೊಂಬತ್ತು ಇತ್ತು.

"ಇದೂ ಕಮ್ಮಿ!" ಅಯ್ಯನವರು ಚೀರಿದರು.

"ಅಯ್ಯಯ್ಯೋ. ಈಗ ಒಟ್ಟು ಎಷ್ಟಾಯ್ತು?"

"ಒಂಬೈನೂರ ತೊಂಬತ್ತು. ಹತ್ತು ಕಮ್ಮಿ ಆಯ್ತಲ್ಲೋ, ಐದಿತ್ತು!"

"ತಡಿ ತಡಿ. ತಗೋ, ಎಂಟು ಜಿಬಿ ಕಾರ್ಡು." ಹಾಕಿದರು. ಏಳು ತೋರಿಸಿತು. "ಥತ್! ಇದಕ್ಕೂ ಅದೇ ರೋಗ."

ತಿಮ್ಮೇಶನ ಹೆಂಡತಿ ಹೇಮಾವತಿ ಚಿತ್ರಾನ್ನದ ತಟ್ಟೆ ಹಿಡಿದು ಬಂದರು. ಗಂಡನಿಂದ ವಿಷಯ ಕೇಳಿ, ತಟ್ಟೆ ಇಟ್ಟು, ಒಳಗೆ ಹೋಗಿ ತಮ್ಮ ಹಳೆಯ ಮೊಬೈಲಿನ ಚಿಕ್ಕ ಕಾರ್ಡನ್ನು ಪಿನ್ನಿನಿಂದ ಕೆದಕಿ ತೆಗೆದುಕೊಂಡು ಬಂದರು. "ನಮ್ಮಕ್ಕನ ಗೃಹಪ್ರವೇಶದ ಫೋಟೋ ಐತೆ ಇದ್ರಲ್ಲಿ. ಪರವಾಗಿಲ್ಲ, ಅಳಿಸ್ಕೊಳಿ ಅಣ್ಣ. ನಿಮ್ಮ ಮರ್ಯಾದೆಗಿಂತ ಹೆಚ್ಚಾ?"

ಎರಡು ಜಿಬಿ ಎಂದು ಬರೆದಿದ್ದ ಆ ಕಾರ್ಡು ಒಂದೂ ಮುಕ್ಕಾಲು ಎಂದಿತು. ಒಟ್ಟು ಒಂಬೈನೂರ ತೊಂಬತ್ತೆಂಟು ಮುಕ್ಕಾಲು. ಹತ್ತಿರ ಹೋದಷ್ಟೂ ಸಾವಿರ ಅವರನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿತ್ತು. ಕಡಿಮೆಯನ್ನು ತುಂಬಲು ತಂದದ್ದೆಲ್ಲವೂ ತಾನೇ ಒಂದಿಷ್ಟು ಕಡಿಮೆಯಾಗಿದ್ದರೆ ಮನುಷ್ಯ ಏನು ಮಾಡಬೇಕು?

ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಅಯ್ಯನವರು ಜಗಲಿಗೆ ಬಂದು ಕೂತರು. ನಾಲ್ಕು ಗಂಟೆ ಹತ್ತಿರವಾಗುತ್ತಿತ್ತು, ಅಂಗಳವೂ. ಎದುರಿನ ಬಯಲಿನಲ್ಲಿ ತೆಂಗಿನಕಾಯಿ ರಾಶಿ ಬಿದ್ದಿತ್ತು. ಇಬ್ಬರು ಆಳುಗಳು ಎಣಿಸಿ ಲಾರಿಗೆ ಎಸೆಯುತ್ತಿದ್ದರು. ಕಾಯಿಯ ಯಜಮಾನಿ, ಓಬಮ್ಮ ಎಂಬ ಮುದುಕಿ, ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಂತಿದ್ದಳು.

"ನೂರಕ್ಕೆ ಎರಡು ಕೊಸರು ಅಂತ ಎತ್ತಿಕೊಂಡ್ಯಲ್ಲೋ. ಸಾವಿರ ತುಂಬಿದ ಮ್ಯಾಲೆ ಈ ನಾಲ್ಕು ಯಾಕೋ?"

"ಅದು ಧರ್ಮಕ್ಕೆ ಅಜ್ಜೀ. ಯಾವಾಗ್ಲೂ ಇರೋದೇ."

"ಯಾರ ಧರ್ಮಕ್ಕೋ? ಸಾವಿರದ ಇಪ್ಪತ್ತನಾಲ್ಕು ಕಾಯಿ ಕೊಟ್ರೆ ಸಾವಿರ ಅಂತ ಬರ್ಕೊಳ್ತೀಯಾ?"

ಅನಂತಪದ್ಮನಾಭಯ್ಯನವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಾವಿರದ ಇಪ್ಪತ್ತನಾಲ್ಕು!

ಕೊಸರು ಅವರಿಗೆ ಹೊಸ ಮಾತಲ್ಲ. ಎಣಿಸಿದ್ದರ ಮೇಲೆ ನಾಲ್ಕು ಹೆಚ್ಚಿಗೆ ಹಾಕಿಸಿಕೊಳ್ಳುವುದು ಸಂತೆಯ ಸೊಪ್ಪಿನಿಂದ ಹಿಡಿದು ಎಲ್ಲ ಕಡೆ ಇರುವುದೇ. ಆದರೆ ಅಂಗಳಕ್ಕೆ ಇಳಿಯದ ಗುಮಾಸ್ತರಿಗೆ ಕಾಣುವುದು ಕೊನೆಗೆ ಬರೆದುಕೊಟ್ಟ ಸಂಖ್ಯೆ ಮಾತ್ರ. ಈಗ ಶರ್ವಾಣಿ ಹೇಳಿದ್ದು ಒಂದೊಂದಾಗಿ ನೆನಪಿಗೆ ಬಂತು. ಡಿಸ್ಕ್ ಮಾಡಿದವನು ಓಬಮ್ಮನ ಹಾಗೆ, ಸಾವಿರಕ್ಕೆ ಸಾವಿರ ಎಣಿಸುತ್ತಾನೆ. ಕಂಪ್ಯೂಟರು ಲಾರಿಯವನ ಹಾಗೆ, ಸಾವಿರದ ಇಪ್ಪತ್ತನಾಲ್ಕು ಎಳೆದುಕೊಂಡು ಸಾವಿರ ಎನ್ನುತ್ತದೆ!

ಎಡಗೈಯಿಂದಲೇ ಮೊಬೈಲು ತೆಗೆದು ಲೆಕ್ಕ ಮಾಡಿದರು. ಸಾವಿರ ಕಾಯಿಯನ್ನು ಕೊಸರಿನ ಲೆಕ್ಕದಲ್ಲಿ ಎಣಿಸಿದರೆ ಒಂಬೈನೂರ ಎಪ್ಪತ್ತಾರು ಬಂತು. ಒಂಬೈನೂರ ಮೂವತ್ತೊಂದು ಬರಲಿಲ್ಲ. ಉತ್ಸಾಹ ಸೋರಿಹೋಯಿತು.

ಅಷ್ಟರಲ್ಲಿ ಓಬಮ್ಮನ ದನಿ ಮತ್ತೆ ಏರಿತು. "ತ್ವಾಟದಾಗೆ ಕೆಡವಿದೋನು ಒಂದ್ಸಲ ಕೊಸರು ತಗಂಡ. ಮಂಡಿಯೋನು ಒಂದ್ಸಲ ತಗಂಡ. ಈಗ ನೀನೊಬ್ಬ. ಮೂರು ಸಲ ಕೊಸರು ಕಿತ್ರೆ ನನಗೇನೋ ಉಳೀತೈತೆ, ಮಟ್ಟೆಯಾ?"

ಮೂರು ಸಲ! ಬೈಟಿಂದ ಕೆಬಿ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ. ಮೂರು ಮೆಟ್ಟಿಲು! ಅಯ್ಯನವರು ಮೊಬೈಲನ್ನು ಮತ್ತೆ ಒತ್ತಿದರು. ಒಂಬೈನೂರ ಎಪ್ಪತ್ತಾರು. ಇನ್ನೊಮ್ಮೆ. ಒಂಬೈನೂರ ಐವತ್ತಮೂರು. ಮತ್ತೊಮ್ಮೆ. ಪರದೆಯ ಮೇಲೆ ಒಂಬೈನೂರ ಮೂವತ್ತೊಂದು ಬಂದು ನಿಂತಿತು.

ಅವರು ಎದ್ದವರೇ ರಸ್ತೆ ದಾಟಿ ಹೋಗಿ ಓಬಮ್ಮನ ಕಾಲಿಗೆ ಬಿದ್ದರು. "ತಾಯೀ, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ!"

ಓಬಮ್ಮ ಹೌಹಾರಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಯಾರಪ್ಪಾ ನೀನು? ಎಂಜಲು ಕೈಯಾಗೆ ಬಂದ್ಬಿಟ್ಟೆ? ನಿನಗೂ ಕೊಸರು ಬೇಕಾ?"

ಹೇಮಾವತಿಯವರ ಅಕ್ಕನ ಗೃಹಪ್ರವೇಶ ಉಳಿಯಿತು. ಕಾರ್ಡುಗಳನ್ನೆಲ್ಲ ವಾಪಸ್ಸು ಕೊಟ್ಟು, ಶರ್ವಾಣಿಗೆ ಫೋನು ಮಾಡಿ ಈ ಸಲ ಅರ್ಥವಾದ ಮೇಲೆ ಉಪಕಾರ ಹೇಳಿದರು. ಪೆನ್‌ಡ್ರೈವ್ ಹಿಂದಿರುಗಿಸುತ್ತೇನೆಂದರೆ ಅವಳು ಒಪ್ಪಲಿಲ್ಲ. "ನೀವು ಹೇಳಿದ ಕಾಯಿ ಲೆಕ್ಕ ನನ್ನ ಗಿರಾಕಿಗಳಿಗೆಲ್ಲ ಹೇಳ್ತೀನಿ ಅಂಕಲ್, ಅದಕ್ಕೆ ಇದು ಸರಿಹೋಯ್ತು" ಎಂದಳು. ತಿಮ್ಮೇಶ್ ತನ್ನ ಬೈಕಿನಲ್ಲೇ ಅವರನ್ನು ಬೀರೂರಿನ ತನಕ ಬಿಟ್ಟ. ಹಿಂದೆ ಕೂತ ಅಯ್ಯನವರಿಗೆ ಗಾಳಿಗೋ ಮತ್ತೇತಕ್ಕೋ ಕಣ್ಣು ಒದ್ದೆಯಾಗುತ್ತಿತ್ತು. ಬೆಳಗ್ಗೆ ಕಳ್ಳನಾಗಿ ಹೊರಟವನಿಗೆ ಎರಡು ಊರಿನ ಜನ ತಮ್ಮ ಕೆಲಸ ಬಿಟ್ಟು ನೆರವಾದರಲ್ಲ. ಒಬ್ಬರೂ "ನೀನು ತಿಂದೆಯಾ" ಎಂದು ಕೇಳಲಿಲ್ಲ. ಇಂಥ ಜನರ ನಡುವೆ ಬದುಕುತ್ತಿರುವುದೇ ತಮ್ಮ ಪುಣ್ಯ ಎಂದುಕೊಂಡರು.

ಬೀರೂರಿನಿಂದ ಬಸ್ಸು ಹಿಡಿದು ಕಡೂರು ಸೇರಿದಾಗ ಸಭೆ ಆಗಲೇ ಶುರುವಾಗಿತ್ತು. ಯಗಟಿ, ಚೌಳಹಿರಿಯೂರು ಕಡೆಯ ಬೆಳೆಗಾರರೆಲ್ಲ ತುಂಬಿದ್ದರು. ಅರವತ್ತೊಂಬತ್ತು ಜಿಬಿಯ ಸುದ್ದಿ ಅಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು. ಅಯ್ಯನವರು ನಡುವಿನ ದಾರಿಯಲ್ಲಿ ಬರುವಾಗ ಪಕ್ಕದವರು ಅವರ ಜೇಬನ್ನೇ ನೋಡುತ್ತಿದ್ದರು.

"ಸಿಕ್ತಾ ಅಯ್ಯನೋರೆ?" ವೇದಿಕೆಯ ಮೇಲಿಂದ ಸಣ್ಣಬೀರಪ್ಪ ಕೇಳಿದರು.

"ಸಿಕ್ತು ಸಾರ್. ಕಳೆದೇ ಇರಲಿಲ್ಲ." ಅಯ್ಯನವರು ಮೈಕಿನ ಮುಂದೆ ನಿಂತರು. ಜೀವಮಾನದಲ್ಲಿ ಮೈಕು ಹಿಡಿದವರಲ್ಲ. ಆದರೆ ಅವತ್ತು ಅರ್ಥವಾದ ಸಂತೋಷ ಅವರನ್ನು ಮಾತಾಡಿಸಿತು. "ಬೈಟು ಕೆಬಿ ಎಲ್ಲ ಬಿಡಿ. ಒಬ್ಬ ಬೆಳೆಗಾರ ತೋಟದಲ್ಲಿ ಸಾವಿರ ಕಾಯಿ ಕೆಡವಿದ ಅಂತ ಇಟ್ಕೊಳ್ಳಿ. ನೂರಕ್ಕೆ ಎರಡು ಕೊಸರು, ಸಾವಿರಕ್ಕೆ ನಾಲ್ಕು ಧರ್ಮಕ್ಕೆ. ತೋಟದಲ್ಲಿ ಎಣಿಸಿದಾಗ ಲೆಕ್ಕಕ್ಕೆ ಬರೋದು ಒಂಬೈನೂರ ಎಪ್ಪತ್ತಾರು. ಅದು ನಮ್ಮ ಅಂಗಳಕ್ಕೆ ಬಂತು. ಮತ್ತೆ ಕೊಸರು. ಒಂಬೈನೂರ ಐವತ್ತಮೂರು. ಲಾರಿಗೆ ಹತ್ತುವಾಗ ಇನ್ನೊಂದು ಸಲ. ಎಷ್ಟಾಯ್ತು?"

ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದ ದೀಪಶ್ರೀ ಎದ್ದು ನಿಂತಳು. "ಒಂಬೈನೂರ ಮೂವತ್ತೊಂದು ಸಾರ್!"

"ಅಷ್ಟೇ. ಈ ಡಿಸ್ಕೂ ಹಾಗೇ. ಮಾಡಿದವನು ಸಾವಿರ ಪೂರ್ತಿ ಕೊಟ್ಟಿದ್ದಾನೆ. ಕಂಪ್ಯೂಟರು ಮೂರು ಸಲ ಕೊಸರು ಹಿಡಿದು ಲೆಕ್ಕ ಹೇಳ್ತಿದೆ. ಜಾಗ ಅದರೊಳಗೇ ಇದೆ. ಯಾರೂ ತಿಂದಿಲ್ಲ."

ಬಿದ್ದ ಚಪ್ಪಾಳೆಗೆ ತಗಡಿನ ಮಾಡು ಅದುರಿತು. ಸಣ್ಣಬೀರಪ್ಪ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ಅಯ್ಯನೋರೆ. ನಿಮ್ಮಂಥೋರ ಮ್ಯಾಲೆ ಅನುಮಾನ ಪಟ್ನಲ್ಲ." ಅಯ್ಯನವರು ಕೈಮುಗಿದರು. ಫ್ಯಾನು, ಕುರ್ಚಿ, ಮರ್ಯಾದೆ, ಮೂರೂ ಒಟ್ಟಿಗೆ ಹಿಂದಿರುಗಿ ಬಂದಿದ್ದವು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಯಗಟಿಯ ಬೆಳೆಗಾರ ತಿಪ್ಪೇಶ್ ಹಿಂದಿನ ಸಾಲಿನಿಂದ ಕೈಯೆತ್ತಿದ.

"ಒಂದು ಮಾತು ಸ್ವಾಮಿ. ಡಿಸ್ಕಿನಾಗಿಂದು ಎಲ್ಲೂ ಹೋಗಿಲ್ಲ, ಸರಿ. ನಮ್ಮ ಕಾಯಿ ಎಲ್ಲಿಗೋಗ್ತಾವೆ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾತನ ಕಾಲದಿಂದ ಎರಡು ಎರಡಾಗಿ ಹೋಗುತ್ತಿದ್ದದ್ದನ್ನು ಯಾರೂ ಒಟ್ಟು ಕೂಡಿಸಿ ನೋಡಿರಲಿಲ್ಲ.

"ಸಾವಿರಕ್ಕೆ ಅರವತ್ತೊಂಬತ್ತಾ?"

"ಅದಕ್ಕೇ ನಮ್ಮ ಲೆಕ್ಕ ಯಾವತ್ತೂ ತಾಳೆ ಆಗ್ತಿರ್ಲಿಲ್ಲ!"

"ಅಂಗಳದ ಕೊಸರು ಎಲ್ಲಿಗೋಗ್ತೈತೆ ಚಂದ್ರಕುಮಾರಾ?"

ಚಂದ್ರಕುಮಾರ್ ಮೊದಲು ತಗಡಿನ ಮಾಡು ನೋಡಿದ, ಆಮೇಲೆ ನೆಲ ನೋಡಿದ. "ಪದ್ಧತಿ ಪ್ರಕಾರ... ಚಟ್ನಿಗೆ," ಎಂದ.

"ಅಷ್ಟೊಂದು ಚಟ್ನಿನಾ?"

ಸಣ್ಣಬೀರಪ್ಪ ಮೈಕು ತಟ್ಟಿದರು. ಲೆಕ್ಕ ತಪ್ಪಿದರೆ ನಿದ್ದೆ ಬಾರದ ಮನುಷ್ಯ, ಇಷ್ಟು ವರ್ಷ ತಪ್ಪು ಲೆಕ್ಕದ ಮೇಲೆ ನಿದ್ದೆ ಮಾಡಿದ್ದೆನಲ್ಲ ಎಂದು ಅವರ ಮುಖ ಕೆಂಪಾಗಿತ್ತು. "ಕೇಳ್ರಪ್ಪಾ. ನಾಳ್ಯಿಂದ ಕೊಸರೂ ಇಲ್ಲ, ಧರ್ಮಾನೂ ಇಲ್ಲ. ಮೂರು ಕಡೆ ಎಣಿಸೋದೂ ಬ್ಯಾಡ. ನಮ್ಮ ಅಂಗಳದಾಗೆ ಒಂದೇ ಸಲ, ಸಾವಿರ ಅಂದ್ರೆ ಸಾವಿರ. ಆದ್ರೆ ಎಣಿಸೋನು ಎಲ್ರೂ ನಂಬೋ ಮನುಷ್ಯ ಆಗಿರ್ಬೇಕು. ಯಾರು?"

"ಅಯ್ಯನೋರು!" ಎಂದ ತಿಪ್ಪೇಶ್. ಮರುಕ್ಷಣ ಇಡೀ ಸಭೆ ಅದನ್ನೇ ಕೂಗಿತು. ಹೆಂಗಸರ ಸಾಲಿನಿಂದ ಗುರುಶಾಂತಮ್ಮ ಎಂಬ ಹಿರಿಯರು ಎದ್ದು, ಅತಿಥಿಗಳಿಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಅಯ್ಯನವರ ಕೊರಳಿಗೆ ಹಾಕಿಯೇಬಿಟ್ಟರು. "ನಮ್ಮ ಕಣ್ಣು ತೆರೆಸಿದ್ರಿ ಸ್ವಾಮಿ. ನಿಮ್ಮ ಋಣ ಹೆಂಗೆ ತೀರಿಸಾಣ ನಾವು? ನಮ್ಮ ಕಾಯಿ ನೀವೇ ಎಣಿಸ್ಬೇಕು."

ಅನಂತಪದ್ಮನಾಭಯ್ಯನವರು ಬೇಡ ಬೇಡ ಎಂದು ಕೈಯಾಡಿಸಿದರು. ಬಿಸಿಲು, ಧೂಳು, ಸೀನು ಎಂದೆಲ್ಲ ಹೇಳಲು ಬಾಯಿ ತೆರೆದರು. ದೊಡ್ಡವರ ವಿನಯ ಎಂದುಕೊಂಡ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

"ಚಂದ್ರಕುಮಾರನ ಗತಿ?" ಎಂದು ಯಾರೋ ಕೇಳಿದರು.

"ಅವನಿಗೆ ತಕ್ಕ ಶಾಸ್ತಿ ಆಗ್ಬೇಕು," ಎಂದರು ಸಣ್ಣಬೀರಪ್ಪ ಕಟುವಾಗಿ. "ನಾಳ್ಯಿಂದ ಒಂದು ಕಾಯಿನೂ ಅವನ ಕೈಗೆ ಸಿಗಬಾರ್ದು. ಆಫೀಸಿನೊಳಗೆ, ಅಯ್ಯನೋರ ಕುರ್ಚೀಲಿ ಕೂರಿಸಿ."

ಚಂದ್ರಕುಮಾರ್ ತಲೆ ತಗ್ಗಿಸಿ ಶಿಕ್ಷೆಯನ್ನು ಒಪ್ಪಿಕೊಂಡ. ತಗ್ಗಿಸಿದ ತಲೆಯ ಕೆಳಗೆ ಅವನ ಮುಖ ಹೇಗಿತ್ತು ಎಂಬುದು ಯಾರಿಗೂ ಕಾಣಲಿಲ್ಲ.

ಸಭೆ ಮುಗಿದು ಜನ ಬೋಂಡಾ ಕಾಫಿಗೆ ನುಗ್ಗಿದರು. ಅಯ್ಯನವರು ಹಾರದ ಸಮೇತ ಕುರ್ಚಿಯೊಂದರಲ್ಲಿ ಕೂತಿದ್ದರು. ಸೇವಂತಿಗೆಯ ಘಾಟಿಗೆ ಆಗಲೇ ಎರಡು ಸೀನು ಬಂದಿತ್ತು. ದೀಪಶ್ರೀ ಕಾಫಿ ತಂದುಕೊಟ್ಟಳು.

"ಏನಮ್ಮಾ ಇದು," ಎಂದರು ಅಯ್ಯನವರು ಮೆಲ್ಲಗೆ. "ತಿಂದಿದ್ದು ನಾನೇ ಅಂತ ಬೆಳಗ್ಗೆನೇ ಒಪ್ಕೊಂಡಿದ್ರೂ ಅಂಗಳಕ್ಕೇ ತಾನೇ ಕಳಿಸ್ತಿದ್ರು? ಎರಡೂ ಒಂದೇ ಆಯ್ತಲ್ಲ."

"ಎಲ್ಲಿ ಒಂದೇ ಸಾರ್?" ದೀಪಶ್ರೀ ನಿಟ್ಟುಸಿರುಬಿಟ್ಟಳು. "ಶಿಕ್ಷೆ ಆಗಿದ್ರೆ ಒಂದು ತಿಂಗಳಿಗೆ ಮುಗೀತಿತ್ತು. ಇದು ಸನ್ಮಾನ. ನೀವು ರಿಟೈರ್ ಆಗೋ ತನಕ."